ನಾನು ಬರೆದ ಸೊನ್ನೆ

ಗಿರಿಜಾ, ನಿನ್ನ ಬಿ.ಫಾರ್ಮ ಸೀಟು ತಪ್ಪಿಸಿದವಳು ನಾನು. ಅಪ್ಪನಲ್ಲ. ನಿನ್ನ ಒಡಹುಟ್ಟಿದ ಅಕ್ಕ, ಬ್ಯಾಂಕಿನಲ್ಲಿ ಲೆಕ್ಕ ತಪ್ಪದವಳೆಂದು ಹೆಸರು ಮಾಡಿದವಳು — ಬೇಕೆಂದೇ ತಪ್ಪು ಲೆಕ್ಕ ಬರೆದುಕೊಟ್ಟೆ. ಹತ್ತು ವರ್ಷ ಇದನ್ನು ಬಾಯಿಬಿಡದೆ ಇಟ್ಟುಕೊಂಡೆ. ಇನ್ನು ಇಟ್ಟುಕೊಳ್ಳುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಆ ಜೂನ್ ನಿನಗೆ ಮರೆತಿರಲಾರದು. ಬೆಳಗಾವಿಯ ಕಾಲೇಜಿನಿಂದ ನಿನಗೆ ಪತ್ರ ಬಂದಿತ್ತು. ನಾಲ್ಕು ವರ್ಷದ ಓದು. ಖಾನಾಪುರದಲ್ಲಿ ಅಪ್ಪನ ಹಂಚಿನ ವ್ಯಾಪಾರ ಊಟಕ್ಕೆ ಸಾಕಾಗುತ್ತಿತ್ತು, ಕಾಲೇಜಿಗೆ ಸಾಲುತ್ತಿರಲಿಲ್ಲ. ಅಂಗಡಿಯ ಜಾಗ ಒತ್ತೆಯಿಟ್ಟು ಸಾಲ ತೆಗೆಯಬೇಕಿತ್ತು. ದೊಡ್ಡ ವಿಚಾರ ಬಂದಾಗ ಅಪ್ಪನ ಪದ್ಧತಿ ನಿನಗೆ ಗೊತ್ತೇ ಇದೆ — ಹಾಳೆಯನ್ನು ನಡುವೆ ಮಡಚಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಕೂಡಿದರೆ ಮಾಡುವುದು, ಕೂಡದಿದ್ದರೆ ಆ ಮಾತು ಎತ್ತಬಾರದು. ಎಮ್ಮೆ ಕೊಂಡಾಗಲೂ ಹಾಗೇ, ನನ್ನ ಮದುವೆಗೂ ಹಾಗೇ. ನಾನು ನೌಕರಿಗೆ ಸೇರಿದ ಮೇಲೆ ಆ ಹಾಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಮೊದಲ ಹಾಳೆಯನ್ನು ನಾನು ಸರಿಯಾಗಿಯೇ ಬರೆದೆ. ಬಲಕ್ಕೆ ಫೀ, ಹಾಸ್ಟೆಲ್, ಪುಸ್ತಕ, ಬಿಳಿ ಕೋಟು, ಬಡ್ಡಿ. ಎಡಕ್ಕೆ ಬರೆಯಬೇಕಾದ ನಿನ್ನ ಮುಂದಿನ ಪಗಾರ ಎಷ್ಟೆಂದು ತಿಳಿಯಲು ದವಾಖಾನೆಯ ಔಷಧ ವಿಭಾಗದವರನ್ನು ವಿಚಾರಿಸಿದೆ, ನಮ್ಮ ಬ್ಯಾಂಕಿಗೆ ಬರುತ್ತಿದ್ದ ಔಷಧ ಕಂಪನಿಯವರನ್ನೂ ಕೇಳಿದೆ. ನೀನು ನೌಕರಿಗೆ ಸೇರಿದ ಐದನೆಯ ವರ್ಷಕ್ಕೆ ಸಾಲ ಬಡ್ಡಿ ಸಮೇತ ತೀರುತ್ತಿತ್ತು. ಸಂಶಯವೇ ಇರಲಿಲ್ಲ. ಆದರೆ ಆ ಹಾಳೆಯಲ್ಲಿ ಇನ್ನೊಂದು ಸಂಗತಿಯೂ ಕಂಡಿತು — ಮೂರನೆಯ ವರ್ಷಕ್ಕೇ ನಿನ್ನ ಪಗಾರ ನನ್ನದನ್ನು ದಾಟುತ್ತಿತ್ತು.

ಅಲ್ಲಿಯವರೆಗೆ ಗಳಿಸುವ ಮಗಳು ನಾನೊಬ್ಬಳೇ. ಅಪ್ಪ ಬಂದವರೆದುರಿಗೆಲ್ಲ ನನ್ನ ಹೆಸರು ಹೇಳುತ್ತಿದ್ದ. ನಾಳೆ ನಿನ್ನ ಹೆಸರು ಹೇಳುತ್ತಾನೆ, ಹಾಳೆ ಬರೆಯಲು ನಿನ್ನನ್ನು ಕರೆಯುತ್ತಾನೆ, ನಾನು ಬಾಜೂಕೆ ಕೂತು ನೋಡಬೇಕು... ಅದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಹುಡುಕಲು ನಾನು ಹೋಗುವುದಿಲ್ಲ.

ಎರಡನೆಯ ಹಾಳೆ ತೆಗೆದುಕೊಂಡೆ. ನಿನ್ನ ಎರಡೇ ವರ್ಷದ ಪಗಾರ ಬರೆದೆ. ಕೆಳಗೆ 'ಮದುವೆ' ಎಂದು ಬರೆದೆ, ಅದರ ಮುಂದೆ ಸೊನ್ನೆ ಹಾಕಿದೆ. ಮದುವೆಯಾದ ಮಗಳ ಗಳಿಕೆ ತವರಿಗಲ್ಲ — ನಮ್ಮ ಕಡೆ ಇದನ್ನು ತಪ್ಪೆನ್ನುವವರು ಯಾರೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವರ್ಷ ತಮ್ಮನ ಡಿಪ್ಲೊಮಾದ ಹಾಳೆಯಲ್ಲಿ ಮೂವತ್ತು ವರ್ಷದ ಪಗಾರ ಬರೆದದ್ದೂ ಇದೇ ಕೈ. ಮತ್ತು — ಇದನ್ನು ಮುಚ್ಚಿಟ್ಟರೆ ಉಳಿದದ್ದು ಹೇಳಿ ಏನೂ ಉಪಯೋಗವಿಲ್ಲ — ಆ ಹಾಳೆ ಹಿಡಿದು ಖಾನಾಪುರದ ಬಸ್ಸು ಹತ್ತಿದಾಗ ನನ್ನ ಪರ್ಸಿನಲ್ಲಿ, ಪ್ರತಿ ತಿಂಗಳಿನಂತೆ, ಅಪ್ಪನಿಗೆಂದು ತೆಗೆದಿಟ್ಟ ಹಣವಿತ್ತು. ನನ್ನ ಮದುವೆಯಾಗಿ ಆಗಲೇ ಮೂರು ವರ್ಷವಾಗಿತ್ತು.

ಅಪ್ಪ ಕನ್ನಡಕ ಏರಿಸಿ ಹಾಳೆ ನೋಡಿದ. "ಕೂಡೂದಿಲ್ಲೇನವ್ವಾ?" ಎಂದ.

"ಇಲ್ಲಪಾ. ಮದವಿ ಆದಮ್ಯಾಲ ಅಕಿ ಗಳಿಕಿ ನಮಗ ಎಲ್ಲಿ ಬರತೈತಿ? ಅಂಗಡಿ ಜಾಗಾ ಹೋಗತೈತಿ ನೋಡ್ರಿ."

ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ನನ್ನ ಅಕ್ಷರದ ಮೇಲೆ ಅಷ್ಟು ನಂಬಿಕೆ. ನಿನ್ನನ್ನು ಕರೆದು, "ಬ್ಯಾಡವ್ವಾ, ಸಾಲಾ ತೀರೂದಿಲ್ಲ" ಎಂದ. ನೀನು ಕಾಲೇಜಿನ ಪತ್ರ ಕೈಯಲ್ಲೇ ಹಿಡಿದಿದ್ದೆ.

"ಯಾರು ಹಾಕಿದ ಲೆಕ್ಕಾ, ಅಪ್ಪಾ?"

"ನಾನ ಹಾಕೇನಿ" ಎಂದ ಅಪ್ಪ.

ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಒಂದು ಮಾತು ಸಾಕಿತ್ತು. ಆಡಲಿಲ್ಲ.

ಆಮೇಲೆ ನೀನು ಖಾನಾಪುರದಲ್ಲೇ ಮದುವೆಯಾದೆ, ಬಜಾರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಡಾಕ್ಟರರ ಚೀಟಿಯನ್ನು ನಿನ್ನಷ್ಟು ಚೆನ್ನಾಗಿ ಓದುವವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ ಫಾರ್ಮಸಿ ಪ್ರಮಾಣಪತ್ರದಲ್ಲಿ ಬೇರೆ ಯಾರದೋ ಹೆಸರು. ಆ ಅಂಗಡಿಗೆ ಬಂದಾಗಲೆಲ್ಲ ನಾನು ಗೋಡೆ ನೋಡದೆ ಮಾತಾಡುತ್ತಿದ್ದೆ. ನೀನು ಗಮನಿಸಿದ್ದೆಯೋ ಇಲ್ಲವೋ...

ಅಪ್ಪನಿಗೆ ಲಕ್ವಾ ಹೊಡೆದ ಮೇಲೆ ನೀನು ತಿಂಗಳು ತಪ್ಪದೆ ಅವನ ಔಷಧದ ಹಣ ತಂದು ಅವ್ವನ ಕೈಗೆ ಕೊಟ್ಟೆ. ಅಪ್ಪ ಮಲಗಿದ್ದ ಕೋಣೆಗೆ ಮಾತ್ರ ನೀನು ಕಾಲಿಡದೆ ಹೋಗುತ್ತಿದ್ದೆ. ಒಂದು ಮಧ್ಯಾಹ್ನ, ನೀನು ಬಂದು ಹೋದ ಸದ್ದು ಕೇಳಿ ಅಪ್ಪ ನನ್ನತ್ತ ತಿರುಗಿದ. ಮಾತು ತೊದಲುತ್ತಿತ್ತು.

"ಆ ಹಾಳ್ಯಾಗ ಸೊನ್ನಿ ತಪ್ಪಿತ್ತವ್ವಾ. ನೀನೂ ಆಗ ತಿಂಗಳಾ ಕೊಡತಿದ್ದಿ... ನನಗ ಹೊಳೀಲಿಲ್ಲ ನೋಡು."

ತಪ್ಪನ್ನು ಆಗಲೂ ತನ್ನ ಮೇಲೇ ಹಾಕಿಕೊಂಡ. ನಾನು ಅವನ ಹೊದಿಕೆ ಸರಿಮಾಡಿದೆ, ಅಷ್ಟೇ. ಅವನ ಬಾಯಿಂದ ನಿನ್ನ ಹೆಸರು ಬಂದಾಗಲೆಲ್ಲ ನಿನ್ನನ್ನು ಕರೆದು ಸತ್ಯ ಹೇಳಬಹುದಿತ್ತು. ನಿಮ್ಮಿಬ್ಬರ ನಡುವಿನ ಬಾಗಿಲು ನನ್ನ ಕೈಯಲ್ಲಿತ್ತು, ಅವನು ತೀರಿಕೊಳ್ಳುವವರೆಗೂ ನಾನು ಅದನ್ನು ತೆರೆಯಲಿಲ್ಲ. ಸೀಟು ತಪ್ಪಿಸಿದ್ದಕ್ಕಿಂತ ಇದು ದೊಡ್ಡದೆಂದು ಈಗ ಅನ್ನಿಸುತ್ತದೆ.

ಈಗ ಬ್ಯಾಂಕಿನಲ್ಲಿ ಓದಿನ ಸಾಲದ ಅರ್ಜಿಗಳು ನನ್ನ ಮೇಜಿಗೆ ಬರುತ್ತವೆ. ಹುಡುಗಿಯರಿಗೂ ಮೂವತ್ತು ವರ್ಷದ ಗಳಿಕೆಯನ್ನೇ ಹಿಡಿಯುತ್ತೇನೆ, ಯಾರು ಬಂದು ವಾದಿಸಿದರೂ ಬಿಡುವುದಿಲ್ಲ. ಅದರಿಂದ ನಿನ್ನ ನಾಲ್ಕು ವರ್ಷ ವಾಪಸು ಬರುವುದಿಲ್ಲ.

ಅಪ್ಪನ ಟ್ರಂಕಿನಲ್ಲಿ ಆ ಹಾಳೆ ಸಿಕ್ಕಿತು. ಈ ಪತ್ರದ ಜೊತೆಗಿದೆ. ಅಕ್ಷರ ಯಾರದೆಂದು ನಿನಗೆ ಗುರುತು ಸಿಗುತ್ತದೆ. ನಿನ್ನ ಮನೆಯಲ್ಲಿ ಮಾವನ ಫೋಟೊ ಇದೆ, ಅತ್ತೆಯದಿದೆ, ಅಪ್ಪನದಿಲ್ಲ. ಭಾನುವಾರ ಬೆಳಗಿನ ರೈಲಿಗೆ ಅವನ ಫೋಟೊ ತರುತ್ತೇನೆ. ನನ್ನನ್ನು ಒಳಗೆ ಕರೆಯಬೇಡ, ಗಿರಿಜಾ. ಅವನನ್ನು ಕರೆದುಕೋ.