ಮಲಗಿದ್ದ ಗೆಡ್ಡೆಗೆ ಹೊಯ್ದ ನೀರು

ನಮ್ಮ ಮನೆಯಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ಮಾವ ತೀರಿಕೊಂಡ ವರ್ಷ ಪದ್ಮತ್ತೆಯ ಕೈಗುಣವೂ ಹೋಯಿತು, ಅದಕ್ಕೇ ಸುವರ್ಣಗೆಡ್ಡೆ ಮೊಳೆಯಲಿಲ್ಲ. ಆಧಾರವೇನು? ಯಾರೂ ಕೇಳಲಿಲ್ಲ. ಎಲ್ಲದಕ್ಕೂ ಆಧಾರ ಕೇಳುವ ನಾನೂ ಕೇಳಲಿಲ್ಲ — ಕೇಳಿದ್ದರೆ ಉತ್ತರವನ್ನು ನಾನೇ ಕೊಡಬೇಕಾಗುತ್ತಿತ್ತು. ಆ ಗೆಡ್ಡೆಯನ್ನು ಕೊಂದವಳು ನಾನು.

ಪದ್ಮತ್ತೆ ಅಪ್ಪನ ಅಕ್ಕ. ಆ ಗೆಡ್ಡೆ ಹೊಸಹಳ್ಳಿಯಲ್ಲಿದ್ದ ಅಜ್ಜಿಯ ಹೊಲದ ತಳಿ. ಆ ಹೊಲದ ಮೇಲೆ ಈಗ ನಮ್ಮದೇ ಬಾಡಿಗೆ ಮನೆಗಳಿವೆ. ಮದುವೆಯಾಗಿ ಹೋಗುವಾಗ ಅತ್ತೆ ಒಂದು ತುಂಡು ಒಯ್ದಿದ್ದರಂತೆ. ಮಾವ ಹೋದ ಮೇಲೆ ನಮ್ಮ ಮನೆಗೆ ಬರುವಾಗ ಅದೇ ತಳಿಯ ಕೊನೆಯ ಗೆಡ್ಡೆಯನ್ನು ಮಡಿಲಲ್ಲಿಟ್ಟುಕೊಂಡು ಬಂದರು. ಬೂದಿ ಸವರಿ, ಮೊಳಕೆಯೊಡೆಯುವ ಕಣ್ಣು ಮೇಲಾಗಿ, ತಾರಸಿಯ ಸಿಮೆಂಟ್ ಚೀಲದ ಒಣಮಣ್ಣಲ್ಲಿ ಹೂತರು.

"ಮೊಳಕೆ ತಾನಾಗಿ ತಲೆ ಎತ್ತೋವರೆಗೂ ಒಂದು ತೊಟ್ಟು ನೀರು ತೋರಿಸ್ಬೇಡ. ಮಲಗಿದೆ ಅದು."

"ಗೆಡ್ಡೆಗೂ ನಿದ್ದೇನಾ ಅತ್ತೆ? ಕನಸೂ ಬೀಳುತ್ತಾ?"

"ನಿನ್ನ ಹಂಗೆ ಬಾಯಿಬಡುಕಿ ಅಲ್ಲ ಕಣೇ ಅದು. ಸುಮ್ನೆ ಮಲಗುತ್ತೆ."

ಎಲ್ಲರೂ ನಕ್ಕರು. ಕಾಲೇಜಿನ ಚರ್ಚಾ ತಂಡದಲ್ಲಿದ್ದ ನನಗೆ ಸೋತು ಅಭ್ಯಾಸವಿರಲಿಲ್ಲ. ನೀರಿಲ್ಲದೆ ಯಾವುದೂ ಮೊಳೆಯದು. ಆದ್ದರಿಂದ ನೀರು ಹಾಕಿದರೆ ಬೇಗ ಮೊಳೆಯಬೇಕು. ತರ್ಕ ಮುಗಿಯಿತು. ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದಾಗಲೆಲ್ಲ ಒಂದು ಮಗ್ ಹೊಯ್ದು ಬರುತ್ತಿದ್ದೆ. ಮೊಳಕೆ ಬಂದ ದಿನ ಅತ್ತೆಯನ್ನು ಕೈಹಿಡಿದು ಮೇಲೆ ಕರೆದೊಯ್ಯಬೇಕು, ಗೆದ್ದೆ ಅನ್ನಬೇಕು — ಅಷ್ಟೇ ಇದ್ದದ್ದು ತಲೆಯಲ್ಲಿ.

ಎಷ್ಟು ಕಾದರೂ ಬರಲಿಲ್ಲ. ಅತ್ತೆ ಬರಿಗೈಯಲ್ಲಿ ಮಣ್ಣು ಕೆದಕಿದರು. ಬೆರಳಿಗೆ ಸಿಕ್ಕಿದ್ದು ನಾರುವ ಲೋಳೆ.

"ಹೋಗ್ಲಿ ಬಿಡಿ ಅತ್ತಿಗೆ, ಟೈಮ್ ಸರಿ ಇಲ್ಲ," ಅಂದಳು ಅಮ್ಮ.

ಅತ್ತೆ ಅಂಗೈ ನೋಡಿಕೊಂಡರು. "ನನ್ನ ಕೈಗುಣ ಹೋಯ್ತು."

ನಾನು ಅಲ್ಲೇ ಇದ್ದೆ. ಎಂದೂ ಮುಚ್ಚದ ಬಾಯಿ ಅವತ್ತು ಮುಚ್ಚಿತು.

ಇಷ್ಟೇ ಆಗಿದ್ದರೆ — ಇಲ್ಲ, ಇಷ್ಟೇ ಅಲ್ಲ. ಮುಂದೆ ಮೂಢನಂಬಿಕೆಯ ಮೇಲೊಂದು ಚರ್ಚಾಸ್ಪರ್ಧೆಯಲ್ಲಿ, "ವಿಧವೆ ನೆಟ್ಟ ಗೆಡ್ಡೆ ಮೊಳೆಯೋದಿಲ್ಲ ಅಂತ ನಂಬೋ ಮನೆಯಿಂದ ಬಂದವಳು ನಾನು" ಎಂದು ಶುರು ಮಾಡಿದೆ. ಚಪ್ಪಾಳೆಯೋ ಚಪ್ಪಾಳೆ. ಗೆದ್ದ ಕಪ್ಪನ್ನು ಸೆರಗಿನಲ್ಲಿ ಒರೆಸಿ ಶೋಕೇಸಿನಲ್ಲಿಟ್ಟವರು ಅತ್ತೆಯೇ.

ಈಗ ಅವರು ನಂದಿನಿ ಲೇಔಟಿನಲ್ಲಿ ತಮ್ಮ ತಂಗಿಯ ಮನೆಯಲ್ಲಿದ್ದಾರೆ. ಸಂಕ್ರಾಂತಿಗೆ ಬರುತ್ತಾರೆ, ಅವರೆಕಾಯಿ ಸುಲಿದುಕೊಡುತ್ತಾರೆ. ಮಣ್ಣು ಮಾತ್ರ ಮುಟ್ಟುವುದಿಲ್ಲ. ಅಮ್ಮ ತುಳಸಿ ಸಸಿ ಕೊಟ್ಟರೂ, "ನೀನೇ ನೆಡಮ್ಮ."

ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಅವರು ಗೆಡ್ಡೆ ಹೆಚ್ಚುತ್ತಿದ್ದದ್ದು, ಹುಣಸೆ ನೀರಿನಲ್ಲಿ ಬೇಯಿಸಿ ತುರಿಕೆ ತೆಗೆಯುತ್ತಿದ್ದದ್ದು, ರಜೆಗೆ ಅವರ ಮನೆಗೆ ಹೋದಾಗ ಬಿಸಿ ಅನ್ನದ ಮೇಲೆ ಬೀಳುತ್ತಿದ್ದ ಆ ಹುಳಿ, ನಾಲಿಗೆ ಮೇಲೆ ಬೆಣ್ಣೆಯಂತೆ ಕರಗುವ ಹೋಳು... ವಿಜಯನಗರದ ಮಾರ್ಕೆಟ್ಟಿನಿಂದ ತಂದು ನಾನೂ ಹಾಗೇ ಮಾಡುತ್ತೇನೆ. ಗಂಟಲು ಕೆರೆಯುತ್ತದೆ. ಕೆರೆಯಲಿ.

ಹೋದ ವಾರ ತಂದ ಗೆಡ್ಡೆಯಲ್ಲಿ ಗುಲಾಬಿ ಬಣ್ಣದ ಮೊಳಕೆ ಇಣುಕಿದೆ. ಹೆಚ್ಚಲಿಲ್ಲ. ಬೂದಿ ಸವರಿ ಒಣಮರಳಿನಲ್ಲಿಟ್ಟಿದ್ದೇನೆ. ಇದು ಅಜ್ಜಿಯ ತಳಿಯಲ್ಲ. ಅದು ಮತ್ತೆ ಬರುವುದಿಲ್ಲ. ಆದರೂ ಭಾನುವಾರ ಇದನ್ನು ಹಿಡಿದು ನಂದಿನಿ ಲೇಔಟಿಗೆ ಹೋಗುತ್ತೇನೆ, ಇಲ್ಲಿ ಬರೆದದ್ದನ್ನೆಲ್ಲ ಅತ್ತೆಯ ಮುಂದೆ ಹೇಳುತ್ತೇನೆ. ಹೇಳಿದ ಮೇಲೆ ಕೇಳುವುದೂ ಒಂದಿದೆ —

ಆ ಬೇಸಿಗೆಯಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ ಅತ್ತೆ. ನೀವು ಕೆದಕಿದ ಮಣ್ಣು ಒದ್ದೆಯಾಗಿ ಅಂಗೈಗೆ ಮೆತ್ತಿಕೊಂಡಿತ್ತು. ಅದನ್ನು ಬೆರಳಲ್ಲಿ ಹಿಸುಕಿ ನೋಡಿದಿರಿ, ಆಮೇಲೆ ಒಂದು ಗಳಿಗೆ ನನ್ನನ್ನು ನೋಡಿದಿರಿ. ಕೈಗುಣ ಹೋಯಿತು ಅಂದದ್ದು ಅದಾದ ಮೇಲೆ.

ನಿಮಗೆ ಅವತ್ತೇ ಗೊತ್ತಿತ್ತಾ?