ಬೈಗುಳಕ್ಕೆ ಒನ್ಸ್ ಮೋರ್

ಹಾಡು ಮುಗಿದು ಜನ ‘ಒನ್ಸ್ ಮೋರ್’ ಎಂದು ಕೂಗಿದಾಗ ನಾನು ನಗುತ್ತ ಕೈಮುಗಿದೆ. ಮುಂದಿನ ಸಾಲಿನಲ್ಲಿದ್ದ ಅಜ್ಜಿ ಎದ್ದೇ ನಿಂತರು. “ನಮ್ಮವ್ವ ಹಂಗ ಕೈ ಮುಗೀತಿದ್ದಿಲ್ಲ ಬೇ! ಮೊದಲ ತಬಲಾದವನ್ನ ಬೈತಿದ್ಲು, ಆಮ್ಯಾಲ ಹಾಡ್ತಿದ್ಲು!”

ಬನಹಟ್ಟಿಯ ರಂಗದ ಮೇಲೆ ನಾನು ಮಾಡುತ್ತಿದ್ದುದು ಆ ಅಜ್ಜಿಯ ತಾಯಿಯ ಪಾತ್ರ. ಆಕೆ ನಾಟಕ ಕಂಪನಿಯ ಹೆಸರಾಂತ ಗಾಯಕಿ. ಮಗಳೇ ಒಪ್ಪದಿದ್ದರೆ, ಮೊಬೈಲಿನಲ್ಲಿ ಆಕೆಯ ಹಳೆಯ ಹಾಡು ಕೇಳಿ ಕೇಳಿ ಕಲಿತದ್ದೆಲ್ಲ ವ್ಯರ್ಥ! ಧೈರ್ಯ ಮಾಡಿ ತಬಲಾದವನತ್ತ ತಿರುಗಿದೆ. “ಏನ್ಲೇ, ತಬಲಾ ಬಾರಸಾಕತ್ತಿಯೋ, ರೊಟ್ಟಿ ಬಡ್ಯಾಕತ್ತಿಯೋ?”

ಅಜ್ಜಿ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. “ಈಗ ಬಂದ್ಲು ನೋಡ್ರಿ ನಮ್ಮವ್ವ!”

ಗೌರವಕ್ಕೆಂದು ನಾವು ಆ ಗಾಯಕಿಯ ಸಿಟ್ಟನ್ನೇ ನಾಟಕದಿಂದ ಕೈಬಿಟ್ಟಿದ್ದೆವು. ಈಗ ಸೇರಿಸಿದ್ದೇವೆ. ಮುಧೋಳದಲ್ಲಂತೂ ಜನ ಆ ಬೈಗುಳಕ್ಕೇ ‘ಒನ್ಸ್ ಮೋರ್’ ಎಂದರು!