ಒಳಮೈ ಇಲ್ಲದ ರವಿಕೆ

ಬಂಗಾರಪೇಟೆಯಲ್ಲಿ ನಮಗೆ ರವಿಕೆ ಹೊಲಿದುಕೊಡುತ್ತಿದ್ದ ಟೈಲರ್, ಎಂಥ ಚೆಂದದ ಮಾದರಿ ಕೊಟ್ಟರೂ ಮೊದಲು ಒಳಮೈ ತಿರುವಿ ಹೊಲಿಗೆಯ ಮೇಲೆ ಉಗುರು ಎಳೆಯುತ್ತಿದ್ದರು. "ಒಳಗಡೆ ಎಂಗದೆ, ನೋಡಾಣ" ಎನ್ನುವುದು ಅವರ ಮಾತು.

ಮಗಳ ನಿಶ್ಚಿತಾರ್ಥಕ್ಕೆ ನನ್ನ ಮದುವೆಯ ಸೀರೆಯನ್ನೇ ಕತ್ತರಿಸಿ ರವಿಕೆ ಹೊಲಿಸಬೇಕಿತ್ತು. ಎಐ ಬರೆದುಕೊಟ್ಟ ಚಿತ್ರವೊಂದನ್ನು ಅವಳು ಮೊಬೈಲಿನಲ್ಲಿ ತೋರಿಸಿದಳು. ಟೈಲರ್ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ತಂದರು.

"ಕೊಕ್ಕೆ ಎಲ್ಲಮ್ಮಾ? ಮುಂದ್ಗಡೆ ಇಲ್ಲ, ಪಕ್ಕದಾಗೂ ಇಲ್ಲ."

"ಬೆನ್ನಿಗಿರಬೇಕು ಮಾಸ್ಟ್ರೇ" ಎಂದು ಅವಳು ಎಐಯನ್ನು ಬೆನ್ನಿನ ಚಿತ್ರ ಕೇಳಿದಳು. ಬಂದದ್ದು ಬೇರೆಯೇ ರವಿಕೆ. ಅದಕ್ಕೂ ಕೊಕ್ಕೆ ಇರಲಿಲ್ಲ.

"ತೊಟ್ಕೊಳಾದು ಎಂಗೆ? ನಿನ್ನ ಮೈಮೇಲೇ ಇಟ್ಟು ಒಲೀಬೇಕಾ?"

ಮಗಳು ನಕ್ಕರೂ ಮುಖ ಸಣ್ಣದಾಯಿತು.

"ತೋಳಿನ ಬಳ್ಳಿ ಚೆನ್ನಾಗದೆ, ಅದಿರ್ಲಿ. ಬೆನ್ನು ನೀನೇ ಬರಿ" ಎಂದು ಹಳೆಯ ಲುಂಗಿ ಹಾಸಿ ಸೀಮೆಸುಣ್ಣ ಕೊಟ್ಟರು.

ಅವಳು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಅವರು ಲುಂಗಿಯನ್ನೇ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ ತೊಡಲು ಕೊಟ್ಟರು.

"ಗಂಡಿನ ಕುತ್ತಿಗೆಗೆ ಆರ ಆಕ್ಬೇಕಲ್ಲ, ಕೈ ಎತ್ತು."

ಅವಳು ಎರಡೂ ಕೈ ಎತ್ತಿದಳು. ಎಲ್ಲೂ ಬಿಗಿಯಲಿಲ್ಲ. ಅಲ್ಲಿಯವರೆಗೆ ಚೀಲದಿಂದ ತೆಗೆಯಲು ಮನಸ್ಸೊಪ್ಪದ ಸೀರೆಯನ್ನು ಆಗ ಅವರ ಕತ್ತರಿಯ ಮುಂದೆ ಬಿಚ್ಚಿ ಹಾಸಿದೆ.